ದ್ವಾದಶಿಗೆ ಬರುವ ಕಾಯಿಲೆ

ಮಾನ್ವಿಯ ಮಠದ ಓಣಿಗೆ ಹೊರಗಿನವರು ಯಾರು ಬಂದರೂ ಕಟ್ಟೆಯ ಕೆಳಗೇ ನಿಲ್ಲಬೇಕು. ಹಾಲಿನವಳು ನಿಲ್ಲುತ್ತಿದ್ದಳು, ಕಾಯಿಪಲ್ಯೆಯವನು ನಿಲ್ಲುತ್ತಿದ್ದ, ಕರೆಂಟ್ ಬಿಲ್ಲಿನವನು ಬೂಟು ಹಾಕಿಕೊಂಡ ತಪ್ಪಿಗೆ ಇನ್ನಷ್ಟು ದೂರ ನಿಲ್ಲುತ್ತಿದ್ದ. ನಿಲ್ಲದೆ ನೆಟ್ಟಗೆ ಪಡಸಾಲೆಗೇ ಬರುತ್ತಿದ್ದವಳು ಬಳೆಗಾರ್ತಿ ಹಾಜಿರಾ ಬೀ ಒಬ್ಬಳು. ಕಂಬಕ್ಕೆ ಒರಗಿ ಕುಳಿತು, ಬಳೆ ಪೋಣಿಸಿದ ಮಲಾರ ಬಿಚ್ಚಿ, ದಿನವಿಡೀ ಮಡಿ ಮಡಿ ಎಂದು ಹಾರಾಡುವ ಹೆಂಗಸರ ಕೈಗಳನ್ನೇ ತನ್ನ ತೊಡೆಯ ಮೇಲೆ ಎಳೆದುಕೊಂಡು ಹಿಸುಕಿ ಹಿಸುಕಿ ಬಳೆ ಏರಿಸುತ್ತಿದ್ದಳು. ಬಳೆ ತೊಡಿಸುವ ಕೈಗೆ ಮೈಲಿಗೆ ಇಲ್ಲ ಎನ್ನುವುದು ಹಳೆಯ ರೂಢಿ. ತೊಟ್ಟ ಮೇಲೆ ಅವಳಿಗೆ ಕೈ ಮುಗಿಯುವುದೂ ರೂಢಿ. ಇದು ಯಾವ ಶಾಸ್ತ್ರದಲ್ಲಿದೆ ಎಂದು ಆ ಓಣಿಯಲ್ಲಿ ಯಾರೂ ಕೇಳಿದವರಿಲ್ಲ, ಕೇಳಿದ್ದರೆ ಹೆಂಗಸರು ಬಿಡುತ್ತಲೂ ಇರಲಿಲ್ಲ.

ಈ ಹಾಜಿರಾ ಬೀಯದು ಒಂದು ವಿಚಿತ್ರವಿತ್ತು. ಮಾನ್ವಿ, ಸಿರವಾರ, ದೇವದುರ್ಗದ ಹೆಣ್ಣುಮಕ್ಕಳಿಗೆಲ್ಲ ಗಾಜಿನ ಬಳೆ ತೊಡಿಸುವವಳು ತಾನು ಮಾತ್ರ ಬಣ್ಣ ಹೋದ ಹಸಿರು ಪ್ಲಾಸ್ಟಿಕ್ ಬಳೆ ಹಾಕಿಕೊಂಡು ತಿರುಗುತ್ತಿದ್ದಳು. ಗಂಡ ಖಾಸಿಂ ಸಾಬ್ ಬಸ್ ಸ್ಟ್ಯಾಂಡಿನ ಎದುರು ಸೈಕಲ್ ರಿಪೇರಿ ಮಾಡುತ್ತ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದ. ಮತ್ತೇಕೆ ಈ ದರಿದ್ರ ಎಂದು ಅನಸೂಯಾಬಾಯಿಯವರು ಒಮ್ಮೆ ಎದುರಿಗೇ ಕೇಳಿದ್ದರು. ಓಣಿಯ ಮಟ್ಟಿಗೆ ಅನಸೂಯಾಬಾಯಿಯವರೇ ಆಕಾಶವಾಣಿ, ಅವರಿಗೆ ತಿಳಿದದ್ದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತಿತ್ತು. ಮಾರುವ ಸರಕನ್ನು ನಾನೇ ಹಾಕಿಕೊಂಡು ಒಡೆದರೆ ಹೊಟ್ಟೆಗೇನು ತಿನ್ನಲಿ ಎಂದು ಹಾಜಿರಾ ಬೀ ನಕ್ಕು ತೇಲಿಸಿಬಿಟ್ಟಳು.

ಆ ಓಣಿಯಲ್ಲಿ ಅವಳಿಗೆ ಹೆಚ್ಚು ವ್ಯಾಪಾರ ಆಗುತ್ತಿದ್ದುದು ಜಾನಕಿಬಾಯಿಯ ಮನೆಯಲ್ಲಿ. ಜಾನಕಿಬಾಯಿಯ ಗಂಡ ಶೇಷಗಿರಿ ಮಾಸ್ತರರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವವರು, ಸಂಜೆ ಮಠದಲ್ಲಿ ಪುರಾಣ ಹೇಳುವವರು. ಒಬ್ಬಳೇ ಮಗಳು ವನಮಾಲಾ. ಆ ಮಗಳ ಕೈಯಲ್ಲಿ ಬಳೆ ನಿಲ್ಲುತ್ತಲೇ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಜಾರಿದಳು, ಮೆಟ್ಟಿಲು ಎಡವಿದಳು, ಬಾಗಿಲು ಬಡಿಯಿತು, ಹೀಗೆ ಜಾನಕಿಬಾಯಿಯ ಬಾಯಲ್ಲಿ ಪ್ರತಿ ಸಲ ಒಂದೊಂದು ಕಾರಣ ಸಿದ್ಧವಾಗಿರುತ್ತಿತ್ತು.

ನಿಜವಾದ ಕಾರಣ ಗೊತ್ತಿದ್ದುದು ಮನೆಯ ಮೂವರಿಗೆ ಮಾತ್ರ. ವನಮಾಲಾಗೆ ಮೂರ್ಛೆ ಬರುತ್ತಿತ್ತು. ಮೈನೆರೆದ ವರ್ಷದಿಂದ ಶುರುವಾದದ್ದು. ನಿಂತಲ್ಲೇ ಕಣ್ಣು ಮೇಲಾಗಿ, ಕೈಕಾಲು ಸೆಟೆದು, ನೆಲಕ್ಕೆ ಬಿದ್ದು ಒದ್ದಾಡುವಳು. ಒಡೆದ ಬಳೆ ಮುಂಗೈಗೆ ನೆಡುತ್ತಿತ್ತು. ಮಾನ್ವಿಯ ದವಾಖಾನೆಗೆ ಹೋದರೆ ಸುದ್ದಿಯಾಗುತ್ತದೆಂದು ರಾಯಚೂರಿನ ಸ್ಟೇಷನ್ ರೋಡಿನ ಒಬ್ಬ ಡಾಕ್ಟರರಿಗೆ ಕದ್ದು ತೋರಿಸಿಕೊಂಡು ಬಂದಿದ್ದರು. ಅವರು ಗುಳಿಗೆ ಕೊಟ್ಟು, ದಿನಾ ರಾತ್ರಿ ಊಟ ಆದ ಮೇಲೆ ಒಂದು, ತಪ್ಪಿಸಬಾರದು ಎಂದಿದ್ದರು. ಜಾನಕಿಬಾಯಿ ತಪ್ಪಿಸಿದವಳಲ್ಲ. ಆದರೂ ಕಾಯಿಲೆ ಬಿಡಲಿಲ್ಲ. ಇದು ಹೊರಗೆ ಬಿದ್ದರೆ ಹುಡುಗಿಗೆ ಗಂಡು ಸಿಗುವುದಿಲ್ಲ, ಹೊರಗೆ ಬೀಳದಿರಬೇಕಾದರೆ ಹುಡುಗಿಯೇ ಓಣಿಯ ಹೊರಗೆ ಬೀಳಬಾರದು. ಹಾಗಾಗಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ವನಮಾಲಾ ಒಳಕೋಣೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದಳು. ರಾಯಚೂರಿಗೆ ಹೋಗಿ ಟೀಚರ್ ಟ್ರೇನಿಂಗ್ ಮಾಡುತ್ತೇನೆ ಎಂದು ಅವಳು ಬಾಯಿಬಿಟ್ಟಾಗಲೆಲ್ಲ ಜಾನಕಿಬಾಯಿಗೆ ಬಸ್ಸಿನ ಬಾಗಿಲು, ಹಾಸ್ಟೆಲಿನ ಬಾವಿ, ಜನ ಮುತ್ತಿಕೊಂಡ ರಸ್ತೆ ಕಣ್ಣಿಗೆ ಕಟ್ಟುತ್ತಿದ್ದವು. ಬೇಡ ಎನ್ನುವಳು, ಆಮೇಲೆ ದೇವರ ಮನೆಯಲ್ಲಿ ಹೋಗಿ ಅಳುವಳು.

ಎಪ್ಪತ್ತಾರನೆಯ ಇಸವಿ, ಶ್ರಾವಣ. ಹಾಜಿರಾ ಬೀ ವನಮಾಲಾಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡವಳು ಬಳೆ ಏರಿಸಲಿಲ್ಲ. ಮುಂಗೈ ಮೇಲಿನ ಗಾಯದ ಗುರುತುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಹಳೆಯ ಗುರುತು, ಅದರ ಮೇಲೆ ಹೊಸದು, ಹೊಸದರ ಪಕ್ಕ ಇನ್ನೂ ಹಸಿಯಾದದ್ದು. ಆಮೇಲೆ ತಲೆ ಎತ್ತದೆ, ಪಕ್ಕದ ಮನೆಗೆ ಕೇಳದ ಹಾಗೆ ಕೇಳಿದಳು.

"ಬಾಯಾರ, ಹುಡುಗಿಗೆ ಯಾವಾಗಿಂದ ಬರ್ತಾವ?"

ಜಾನಕಿಬಾಯಿಗೆ ಭಯವಾಯಿತು. ಭಯದ ಹಿಂದೆಯೇ ಸಿಟ್ಟು ಬಂತು. ಏನು ಬರುತ್ತವೆ, ಯಾರಿಗೆ ಬರುತ್ತವೆ, ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿದವಳಿಗೆ ಇಲ್ಲದ್ದು ಅಂಟಿಸಬೇಡ, ನಿನಗೆ ಬಳೆ ತೊಡಿಸಲು ಕರೆದದ್ದೋ ನಾಡಿ ಹಿಡಿಯಲು ಕರೆದದ್ದೋ ಎಂದು ಹಲ್ಲು ಕಚ್ಚಿಕೊಂಡು ಅಂದಳು. ಹಾಜಿರಾ ಬೀ ತನ್ನ ಪ್ಲಾಸ್ಟಿಕ್ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಮುಂಗೈ ತಿರುಗಿಸಿ ತೋರಿಸಿದಳು. ಅದೇ ಗುರುತುಗಳು, ಬಹಳ ಹಳೆಯವು.

"ನನಗೂ ಬರ್ತಾವ್ರಿ. ನಾನೂ ಹಿಂಗ ಜಾರಿ ಬಿದ್ದೆ ಅಂತಿದ್ದೆ."

ಅಷ್ಟು ಹೇಳಿ ಮಲಾರ ಕಟ್ಟಿಕೊಂಡು ಹೊರಟೇ ಹೋದಳು. ಜಾನಕಿಬಾಯಿಯನ್ನು ಕಾಡಿದ್ದು ಅವಳು ಹೇಳಿದ ಸಂಗತಿಯಲ್ಲ, ಹೇಳಿದ ರೀತಿ. ತಾನು ಗಂಡನ ಹತ್ತಿರ ಕೂಡ ಹೆಸರು ಹಿಡಿದು ಹೇಳದ ಕಾಯಿಲೆಯನ್ನು ಅವಳು ಮನೆಯಲ್ಲಿ ಬೇಳೆ ಮುಗಿದಿದೆ ಎನ್ನುವವರ ಹಾಗೆ ಹೇಳಿಬಿಟ್ಟಿದ್ದಳು. ಮೂರ್ಛೆ ಬರುವ ಹೆಂಗಸು, ತಲೆಯ ಮೇಲೆ ಗಾಜು ಹೊತ್ತು, ಬಸ್ಸು ಹತ್ತಿ ಇಳಿದು ಊರೂರು ತಿರುಗುತ್ತಾಳೆ. ಅದು ಹೇಗೆ ಸಾಧ್ಯ ಎನ್ನುವುದು ಜಾನಕಿಬಾಯಿಯ ತಲೆಯಲ್ಲಿ ಹೊಕ್ಕು ಕೂತಿತು. ಅಡುಗೆಗೆ ಉಪ್ಪು ಎರಡೆರಡು ಸಲ ಬಿದ್ದು ಮಾಸ್ತರರು ಮಾತಾಡದೆ ಉಂಡರು.

ಕೊನೆಗೆ ಒಂದು ಮಧ್ಯಾಹ್ನ, ಓಣಿಯೆಲ್ಲ ಮಲಗಿದ ಹೊತ್ತು ನೋಡಿ, ಸೆರಗು ಹೊದ್ದು ಜಾನಕಿಬಾಯಿ ಬಜಾರಿನ ಹಿಂದಿನ ಗಲ್ಲಿಗೆ ಹೋದಳು. ಹುಟ್ಟಿ ಬೆಳೆದ ಊರಿನಲ್ಲಿ ಆ ಗಲ್ಲಿಯನ್ನು ಅವಳು ನೋಡಿದ್ದೇ ಅವತ್ತು. ಹಾಜಿರಾ ಬೀ ಏಕೆ ಬಂದಿರಿ ಎಂದು ಕೇಳಲಿಲ್ಲ. ಕಟ್ಟೆ ತೊಳೆದು, ಹೊಸ ಚಾಪೆ ಹಾಸಿ, ನಮ್ಮಲ್ಲಿ ನೀರು ಕುಡಿಯುವುದಿಲ್ಲವೆಂದು ಗೊತ್ತು, ಕೂಡಲಿಕ್ಕಾದರೂ ಕೂಡಿರಿ ಎಂದಳು. ಜಾನಕಿಬಾಯಿ ಮೊದಲು ಚಾಪೆಯ ಅಂಚಿಗೆ ಕುಳಿತಳು. ಮಾತು ಬೆಳೆದ ಹಾಗೆ ಪೂರ್ತಿ ಕುಳಿತಳು.

ಆ ಮಧ್ಯಾಹ್ನ ಅವಳು ಕೇಳಿದ್ದು ದೊಡ್ಡ ಪ್ರಶ್ನೆಗಳನ್ನಲ್ಲ. ದೊಡ್ಡ ಪ್ರಶ್ನೆ ಕೇಳಲು ಡಾಕ್ಟರರಿದ್ದರು, ದೇವರಿದ್ದ. ಒಲೆಯ ಮುಂದೆ ಹೇಗೆ ಕೂಡುತ್ತಿ, ಸ್ನಾನ ಹೇಗೆ ಮಾಡುತ್ತಿ, ಒಬ್ಬಳೇ ಹೊರಗೆ ಹೇಗೆ ಹೋಗುತ್ತಿ, ಇಂಥವು. ಇವನ್ನು ಯಾರಿಗೆ ಕೇಳಬೇಕೆಂದೇ ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಹಾಜಿರಾ ಬೀ ಒಂದೊಂದಕ್ಕೂ ಉತ್ತರ ಕೊಟ್ಟಳು. ಒಲೆ ಹಚ್ಚಿದಾಗ ಸೊಸೆ ಪಕ್ಕದಲ್ಲಿರುತ್ತಾಳೆ, ಕುದಿಯುವ ಪಾತ್ರೆ ಇಳಿಸುವವಳು ಸೊಸೆ, ರೊಟ್ಟಿ ಬಡಿಯುವವಳು ತಾನು. ಬಾವಿಯ ನೀರು ಸೇದುವುದಿಲ್ಲ, ಅದಕ್ಕೆ ಬದಲಾಗಿ ಮಗನ ಮನೆಯವರ ಅಷ್ಟೂ ಬಟ್ಟೆ ಒಗೆಯುತ್ತಾಳೆ. ಮಂಚದ ಮೇಲೆ ಮಲಗುವುದಿಲ್ಲ. ಬಚ್ಚಲಿನ ಚಿಲಕ ಹಾಕುವುದಿಲ್ಲ, ಒಳಗೆ ಇರುವಷ್ಟು ಹೊತ್ತು ಗಟ್ಟಿಯಾಗಿ ಹಾಡುತ್ತಾಳೆ. ಹಾಡು ನಿಂತರೆ ಸೊಸೆ ಓಡಿ ಬರಬೇಕು. ಇವಳ ಹಾಡು ಕೇಳಲಾರದೆ ಖಾಸಿಂ ಸಾಬ್ ಆ ಹೊತ್ತಿಗೆ ಸರಿಯಾಗಿ ಅಂಗಡಿಗೆ ಹೋಗಿಬಿಡುತ್ತಾನೆ ಎಂದು ಹೇಳಿ ತಾನೇ ನಕ್ಕಳು. ಜಾನಕಿಬಾಯಿಗೂ ನಗು ಬಂತು. ಈ ಕಾಯಿಲೆಯ ಮಾತಿನಲ್ಲಿ ನಗುವುದಕ್ಕೂ ಜಾಗವಿದೆ ಎನ್ನುವುದೇ ಅವಳಿಗೆ ಹೊಸದು.

ಹೊರಗಿನ ತಿರುಗಾಟಕ್ಕೆ ಹಾಜಿರಾ ಬೀ ಮಾಡಿಕೊಂಡ ಏರ್ಪಾಟು ಕೇಳಿ ಜಾನಕಿಬಾಯಿ ಬೆರಗಾದಳು. ಹೋಗುವ ಪ್ರತಿ ಊರಿನಲ್ಲೂ ಅವಳು ಯಾರಾದರೊಬ್ಬರಿಗೆ ಹೇಳಿಟ್ಟಿದ್ದಳು. ಸಿರವಾರದ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವಳಿಗೆ, ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಚಹಾದ ವಲಿ ಪಾಷಾನಿಗೆ, ರಾಯಚೂರಿನ ತೀನ್ ಕಂದಿಲ್ ಹತ್ತಿರ ಸರಕು ತರುವ ಅಂಗಡಿಯ ಸೇಟಿಗೆ. ನಾನು ಬಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿರಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಬೀಗದ ಕೈ ಕೊಡಬೇಡಿ, ಮೂಗಿಗೆ ಚಪ್ಪಲಿ ಹಿಡಿಯಬೇಡಿ, ಮಂದಿ ಮುತ್ತದ ಹಾಗೆ ನೋಡಿಕೊಂಡು ಪಕ್ಕದಲ್ಲಿ ಕೂತಿರಿ, ತಾನಾಗಿ ಏಳುತ್ತೇನೆ. ಎದ್ದ ಮೇಲೆ ಅಯ್ಯೋ ಪಾಪ ಎನ್ನಬೇಡಿ. ಕೊನೆಯದೇ ಎಲ್ಲಕ್ಕಿಂತ ಕಷ್ಟ, ಅದೊಂದನ್ನು ಜನ ಕಲಿಯುವುದಿಲ್ಲ ಎಂದಳು.

"ಹಿಂಗ ಎಲ್ಲಾರ ಮುಂದ ಹೇಳಾಕ ನಾಚಿಕಿ ಆಗಂಗಿಲ್ಲೇನು?" ಎಂದು ಜಾನಕಿಬಾಯಿ ಕೇಳಿದಳು.

"ಯಾಕಾಗಂಗಿಲ್ರಿ, ಆಗ್ತದ. ಆದ್ರ ನಾಚಿಕಿಯಿಂದ ಯಾರೂ ಸತ್ತಿಲ್ಲ ಬಾಯಾರ. ಯಾರಿಗೂ ಗೊತ್ತಿಲ್ದ ಬಾವ್ಯಾಗ ಬಿದ್ರ ಸಾಯ್ತೀವಿ."

ಹುಡುಗಿಗೆ ಹೆಚ್ಚಾಗಿ ಯಾವಾಗ ಬರುತ್ತದೆ ಎಂದು ಆಮೇಲೆ ಅವಳು ಕೇಳಿದಳು. ಜಾನಕಿಬಾಯಿಗೆ ನೆನಪು ಮಾಡಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ದ್ವಾದಶಿಗೆ, ಇಲ್ಲವೆ ಅದರ ಮರುದಿನ. ಇದರಿಂದಲೇ ಅವಳಿಗೆ ಇದು ಬರೀ ಕಾಯಿಲೆಯಲ್ಲ, ಏಕಾದಶಿಯ ವ್ರತದಲ್ಲಿ ಏನೋ ಲೋಪವಾಗಿ ಹತ್ತಿದ ದೋಷ ಎಂದು ಖಾತ್ರಿಯಾಗಿತ್ತು. ಅದಕ್ಕೇ ಮಗಳ ಕೈಯಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿ ಏಕಾದಶಿ ಮಾಡಿಸುತ್ತಿದ್ದಳು. ದಶಮಿ ರಾತ್ರಿ ಊಟವಿಲ್ಲ, ಏಕಾದಶಿ ತೊಟ್ಟು ನೀರಿಲ್ಲ, ರಾತ್ರಿಯೆಲ್ಲ ಮಠದಲ್ಲಿ ಭಜನೆ, ದ್ವಾದಶಿ ಬೆಳಗಾಗುವ ಮೊದಲು ಸ್ನಾನ, ಉಪವಾಸ ಬಿಡುವ ಪಾರಣೆ. ಗುಳಿಗೆಯನ್ನೋ, ಡಾಕ್ಟರರು ಹೇಳಿದ ಹಾಗೆಯೇ ಕೊಡುತ್ತಿದ್ದಳು. ಊಟ ಆದ ಮೇಲೆ ಎಂದರೆ ಊಟ ಆದ ಮೇಲೆ. ಊಟವೇ ಇಲ್ಲದ ರಾತ್ರಿ ಗುಳಿಗೆಯ ಪ್ರಶ್ನೆಯೇ ಏಳುತ್ತಿರಲಿಲ್ಲ.

ಇದನ್ನು ಅವಳು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ನೀವು ತಪ್ಪು ಮಾಡಿದಿರಿ ಎಂದು ಹಾಜಿರಾ ಬೀ ಅನ್ನಲಿಲ್ಲ. ತನ್ನದೊಂದು ಕಥೆ ಹೇಳಿದಳು. ಅವಳ ಗುಳಿಗೆ ಮುಂಜಾನೆಯದು, ನಾಷ್ಟಾ ಆದ ಮೇಲೆ. ಗುಳಿಗೆ ಶುರುವಾದ ಮೊದಲ ವರ್ಷವೇ ರಂಜಾನ್ ಬಂತು. ರೋಜಾ ಹಿಡಿದವಳಿಗೆ ನಾಷ್ಟಾ ಎಲ್ಲಿಯದು, ನಾಷ್ಟಾ ಇಲ್ಲವಾದ್ದರಿಂದ ಗುಳಿಗೆಯೂ ಇಲ್ಲ. ಈದಿನ ಹಿಂದಿನ ದಿನ, ಬಜಾರು ಕಿಕ್ಕಿರಿದಿದ್ದಾಗ, ಬಳೆಯ ರಾಶಿಯ ಮೇಲೇ ಬಿದ್ದಳು. ಅವಳ ಮುಂಗೈಯ ಗುರುತುಗಳಲ್ಲಿ ಆಳವಾದವು ಅವತ್ತಿನವು. ಅವಳ ಡಾಕ್ಟರರು ರೋಜಾದ ಮಾತು ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ. ಹೇಳಿದ ಮೇಲೆ ಅವರು ಗುಳಿಗೆಯನ್ನು ನಸುಕಿನ ಸಹರಿ ಊಟಕ್ಕೆ ಬದಲಿಸಿ ಕೊಟ್ಟರು.

ಕಥೆ ಮುಗಿಯುವ ಹೊತ್ತಿಗೆ ಜಾನಕಿಬಾಯಿ ತಪ್ಪಿದ ಗುಳಿಗೆಗಳನ್ನು ಎಣಿಸಿದ್ದಳು, ದಶಮಿಯದೊಂದು, ಏಕಾದಶಿಯದೊಂದು. ಮಗಳನ್ನು ಕೆಡವುತ್ತಿದ್ದುದು ದೋಷವಲ್ಲ, ದೋಷ ಕಳೆಯಲೆಂದು ತಾನು ಹಿಡಿಸಿದ ವ್ರತ. ಅವಳು ಚಾಪೆಯ ಮೇಲೆ ಕುಳಿತಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹಾಜಿರಾ ಬೀ ಸಮಾಧಾನ ಹೇಳಲಿಲ್ಲ, ಪಕ್ಕದಲ್ಲಿ ಕೂತಿದ್ದಳು ಅಷ್ಟೆ. ಹಾಗೆ ಕೂತಿರುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಜಾನಕಿಬಾಯಿ ಗಂಡನಿಗೆ ಎಲ್ಲ ಹೇಳಿದಳು. ರೋಗಿಗೆ ಉಪವಾಸವಿಲ್ಲ, ಔಷಧಕ್ಕೆ ವ್ರತಭಂಗವಿಲ್ಲ ಎನ್ನುವುದು ಶೇಷಗಿರಿ ಮಾಸ್ತರರಿಗೆ ಗೊತ್ತಿಲ್ಲದ ಮಾತಲ್ಲ, ಮಠದಲ್ಲಿ ಎಷ್ಟೋ ಮಂದಿಗೆ ಅವರೇ ಹೇಳಿದ್ದರು. ಮನೆಯಲ್ಲಿ ಹೇಳಲು ಬಾಯಿ ಬಂದಿರಲಿಲ್ಲ. ಏಕಾದಶಿಯ ಸಂಜೆ ಭಜನೆಗೆ ವನಮಾಲಾ ಬರದಿದ್ದರೆ, ಉಪವಾಸವಿಲ್ಲವೇಕೆ ಎಂದು ಅನಸೂಯಾಬಾಯಿಯವರು ಕೇಳಿದರೆ, ರೋಗಿ ಎಂದು ಉತ್ತರ ಕೊಡಬೇಕಾಗುತ್ತಿತ್ತು. ಆ ಒಂದು ಮಾತನ್ನು ತಪ್ಪಿಸಲು ಮಗಳನ್ನು ಹಸಿವೆಗೂ ನಿದ್ದೆಗೇಡಿಗೂ ಒಪ್ಪಿಸಿದ್ದರು.

"ಶಾಸ್ತ್ರ ಬಿಟ್ಟದ," ಎಂದರು ಮಾಸ್ತರರು, ಕನ್ನಡಕ ಒರೆಸುತ್ತ. "ನಾವ ಬಿಟ್ಟಿಲ್ಲ."

ರಾಯಚೂರಿಗೆ ಹೋಗಿ ಡಾಕ್ಟರರಿಗೆ ವ್ರತದ ವಿಷಯ ಬಿಡಿಸಿ ಹೇಳಿದರು. ಅವರು ತಲೆಯಾಡಿಸಿ, ಊಟ ಇರಲಿ ಬಿಡಲಿ ಗುಳಿಗೆ ನಿಲ್ಲಬಾರದು, ಈ ಹುಡುಗಿಗೆ ಉಪವಾಸವೂ ಬೇಡ, ಜಾಗರಣೆಯೂ ಬೇಡ ಎಂದರು. ಅಂದಿನಿಂದ ವನಮಾಲಾ ಏಕಾದಶಿಗೆ ಉಣ್ಣತೊಡಗಿದಳು. ಉಣ್ಣುತ್ತಿದ್ದುದು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಸದ್ದಿಲ್ಲದೆ. ಓಣಿಗೆ ಮುಟ್ಟು ಎಂದೋ ಜ್ವರ ಎಂದೋ ನೆವ ಹೇಳುತ್ತಿದ್ದರು. ಕಾಯಿಲೆ ಪೂರ್ತಿ ಹೋಗಲಿಲ್ಲ, ಆದರೆ ದ್ವಾದಶಿಯ ಕಾಟ ನಿಂತಿತು. ಎಂದೋ ಒಮ್ಮೆ, ನಿದ್ದೆ ಕೆಟ್ಟಾಗ, ಜ್ವರ ಬಂದಾಗ ಬರುತ್ತಿತ್ತು. ಮನೆಯಲ್ಲಿ ಉಸಿರಾಡುವ ಹಾಗಾಯಿತು. ಆದರೆ ರಾಯಚೂರಿನ ಟ್ರೇನಿಂಗಿಗೆ ಕಳಿಸುವ ಮಾತು ಬಂದರೆ ಜಾನಕಿಬಾಯಿ ಮತ್ತೆ ಗೋಡೆ. ಮನೆಯಲ್ಲಿ ತಾನಿದ್ದೇನೆ, ಅಲ್ಲಿ ಯಾರಿದ್ದಾರೆ?

ಅದಕ್ಕೆ ಉತ್ತರ ಸಿಕ್ಕಿದ್ದು ಯಾರೂ ಬಯಸದ ರೀತಿಯಲ್ಲಿ. ಮರುವರ್ಷದ ಗೌರಿ ಹಬ್ಬದ ಮುಂಚಿನ ದಿನ, ಹಾಜಿರಾ ಬೀ ಜಾನಕಿಬಾಯಿಯ ಕೈಗೆ ಬಳೆ ಏರಿಸುತ್ತಿದ್ದವಳು ನಡುವೆಯೇ ನಿಲ್ಲಿಸಿದಳು. ಮೂಗಿಗೆ ಏನೋ ಸುಟ್ಟ ವಾಸನೆ ಬಡಿಯಿತಂತೆ. ಅದೇ ಅವಳ ಮುನ್ಸೂಚನೆ. ಗಡಿಬಿಡಿಯಿಲ್ಲದೆ ಮಲಾರವನ್ನು ದೂರ ಸರಿಸಿದಳು, ಜಾನಕಿಬಾಯಿಯ ಕೈ ಬಿಟ್ಟಳು, ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿದಳು. "ಬಂತ್ರಿ. ಅಂಜಬ್ಯಾಡ್ರಿ," ಎಂದಳು. ಆಮೇಲೆ ಅವಳ ಮೈ ಅವಳ ಮಾತು ಕೇಳಲಿಲ್ಲ.

ಜಾನಕಿಬಾಯಿಯ ಕೈ ರೂಢಿಯಂತೆ ಸೊಂಟದ ಬೀಗದ ಕೈಗೊಂಚಲಿಗೆ ಹೋಗಿತ್ತು. ಅಷ್ಟರಲ್ಲಿ ಒಳಕೋಣೆಯಿಂದ ವನಮಾಲಾ ಬಂದು ಕುಳಿತು, ತಾಯಿಯಿಂದ ಕೇಳಿ ತಿಳಿದಿದ್ದ ಹಾಗೆ ಹಾಜಿರಾ ಬೀಯ ತಲೆಯ ಕೆಳಗೆ ಒಗೆದ ಸೀರೆಯ ಮಡಿಕೆ ಇಟ್ಟು, ಹೊರಳದ ಹಾಗೆ ಭುಜಕ್ಕೆ ಕೈ ಆನಿಸಿದಳು. ಅವಳ ಕಣ್ಣು ಹಾಜಿರಾ ಬೀಯ ಮುಖ ಬಿಟ್ಟು ಕದಲಲಿಲ್ಲ. ತನಗೆ ಆಗುವುದನ್ನು ಆ ಹುಡುಗಿ ಎಂದೂ ನೋಡಿರಲಿಲ್ಲ. ಎಚ್ಚರವಾದಾಗ ಅವಳು ನೋಡಿದ್ದು ಅಪ್ಪ ಅವ್ವನ ಮುಖ ಮಾತ್ರ. ಆ ಮುಖಗಳಿಂದ ಅವಳು ತನ್ನ ಕಾಯಿಲೆಯನ್ನು ಅಳೆದಿದ್ದಳು, ಅದು ಅವಳ ಮನಸ್ಸಿನಲ್ಲಿ ಭೂತದಷ್ಟು ಬೆಳೆದಿತ್ತು. ಈಗ ಎದುರಿಗೆ ಕಂಡದ್ದು ಮೈ ಅದುರುವ ಒಬ್ಬ ಹೆಂಗಸು, ಸ್ವಲ್ಪ ಹೊತ್ತಿನಲ್ಲಿ ಅದುರು ಇಳಿದು ಮಗುವಿನ ಹಾಗೆ ಮಲಗಿದವಳು.

"ಅವ್ವಾ, ಇಷ್ಟ ಏನು?" ಎಂದು ಕೇಳಿದಳು ವನಮಾಲಾ. "ನನಗ ಆಗೋದು ಇಷ್ಟ ಏನು?"

ಹಾಜಿರಾ ಬೀ ಕಣ್ಣು ಬಿಟ್ಟಾಗ ಹುಡುಗಿ ಏನಾಯಿತು ಎಂದು ಕೇಳಲಿಲ್ಲ, ಪಾಪ ಎನ್ನಲಿಲ್ಲ. ಚಹಾ ಕುಡಿಯುತ್ತೀರಾ ಎಂದು ಕೇಳಿದಳು. ಹಾಜಿರಾ ಬೀ ಸುಸ್ತಾದ ದನಿಯಲ್ಲಿ, ಬೆಲ್ಲ ಸ್ವಲ್ಪ ಜಾಸ್ತಿ ಹಾಕು ಎಂದಳು. ಮತ್ತೆ ಎದ್ದು ಕುಳಿತು, ನಿಲ್ಲಿಸಿದಲ್ಲಿಂದ ಜಾನಕಿಬಾಯಿಯ ಕೈಗೆ ಉಳಿದ ಬಳೆ ಏರಿಸಿದಳು. ಆ ಮೇಲಿನ ವರ್ಷ ವನಮಾಲಾ ಟ್ರೇನಿಂಗಿಗೆ ರಾಯಚೂರಿಗೆ ಹೋದಳು, ಈ ಸಲ ಜಾನಕಿಬಾಯಿ ಅಡ್ಡ ಬರಲಿಲ್ಲ. ಹಾಸ್ಟೆಲಿನಲ್ಲಿ ಕೋಣೆಯ ಗೆಳತಿಗೆ ಮೊದಲ ದಿನವೇ ಹೇಳಿಬಿಟ್ಟಿದ್ದಳೆಂದು ಜಾನಕಿಬಾಯಿಗೆ ತಿಳಿದದ್ದು ಟ್ರೇನಿಂಗ್ ಮುಗಿದ ಮೇಲೆ. ಆ ಗೆಳತಿ ಮಾನ್ವಿಯವಳಲ್ಲವಲ್ಲ ಎಂದು ಜಾನಕಿಬಾಯಿ ಸಮಾಧಾನ ಮಾಡಿಕೊಂಡಳು. ಮಗಳು ಧೈರ್ಯಸ್ಥೆಯಾಗಿದ್ದಳು, ತಾಯಿ ಇನ್ನೂ ಅಡುಗೆಮನೆಯ ಬಾಗಿಲು ಹಾಕಿಕೊಂಡೇ ಇದ್ದಳು.

ಎಂಬತ್ತೊಂದರಲ್ಲಿ ವನಮಾಲಾಗೆ ದೇವದುರ್ಗದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹಾಜರಾಗುವ ದಿನ ಜಾನಕಿಬಾಯಿ ಜೊತೆಗೆ ಹೊರಟಳು. ಹೆಡ್ ಮೇಡಮ್ಮನನ್ನು ಕಂಡು, ಹುಡುಗಿಗೆ ಆಗಾಗ ಬಿಸಿಲಿಗೆ ತಲೆ ತಿರುಗುತ್ತದೆ, ಸ್ವಲ್ಪ ನೋಡಿಕೊಳ್ಳಿರಿ ಎಂದು ಹೇಳಿ ಬರುವುದು ಅವಳ ಲೆಕ್ಕಾಚಾರ. ಸಂಭ್ರಮಕ್ಕೆ ವನಮಾಲಾ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಬಸ್ಸು ಹತ್ತಿದರೆ ಎದುರಿನ ಸೀಟಿನಲ್ಲಿ ಅನಸೂಯಾಬಾಯಿಯವರು, ದೇವದುರ್ಗದ ಮಗಳ ಮನೆಗೆ ಹೊರಟವರು. ಸಿರವಾರದವರೆಗೆ ಅವರು ತಮ್ಮ ಅಳಿಯನ ಗುಣಗಾನ ಮಾಡಿದರು. ಸಿರವಾರದಲ್ಲಿ ಸಂತೆಯ ಮಂದಿ ಹತ್ತಿ ಬಸ್ಸು ತುಂಬಿ ತುಳುಕಿತು. ಅಲ್ಲಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ವನಮಾಲಾ ತಾಯಿಯ ತೋಳು ಹಿಡಿದು ಅವ್ವಾ ಎಂದಳು, ಮತ್ತೆ ಮಾತಾಡಲಿಲ್ಲ.

ಬಸ್ಸಿನಲ್ಲಿ ಹಾಹಾಕಾರವೆದ್ದಿತು. ಕಂಡಕ್ಟರ್ ಈರಯ್ಯ ಸೀಟಿ ಊದಿ ಗಾಡಿ ನಿಲ್ಲಿಸಿದ. ಯಾರೋ ಕಬ್ಬಿಣ ಹಿಡಿಸಿರಿ ಎಂದರು, ಯಾರೋ ಉಳ್ಳಾಗಡ್ಡಿ ಜಜ್ಜಿದರು, ಒಬ್ಬಾತ ಚಪ್ಪಲಿ ಕಳಚಿಕೊಂಡು ಮುಂದೆ ಬಂದ. ಗಾಳಿ ಹಿಡಿದಿದೆ ಎಂದು ಹಿಂದಿನಿಂದ ಒಂದು ದನಿ ಕೇಳಿತು. ಏನಾಯಿತು ಜಾನಕಿ, ಏನಿದು, ಎಂದು ಅನಸೂಯಾಬಾಯಿಯವರು ಎದ್ದು ನಿಂತಿದ್ದರು. ಜಾನಕಿಬಾಯಿ ಮಗಳನ್ನು ಸೀಟಿನ ಮೇಲೆ ಮಗ್ಗುಲಾಗಿ ಹೊರಳಿಸಿ ಹಿಡಿದುಕೊಂಡಳು. ತಲೆ ತಿರುಗಿತು, ಬಿಸಿಲಿಗೆ, ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕಣ್ಣು ಬಸ್ಸಿನ ತುಂಬ ಹಾಜಿರಾ ಬೀಯನ್ನು ಹುಡುಕಿತು. ಅವಳಿದ್ದಿದ್ದರೆ ಅವಳೇ ಹೇಳುತ್ತಿದ್ದಳು. ಆದರೆ ಅವಳು ಮೊಮ್ಮಗಳ ಮದುವೆಗೆಂದು ಯಾಪಲದಿನ್ನಿಯಲ್ಲಿದ್ದಳು. ಚಪ್ಪಲಿಯ ಕೈ ಮಗಳ ಮುಖದ ಹತ್ತಿರ ಬಂತು. ಜಾನಕಿಬಾಯಿ ಆ ಕೈಯನ್ನು ತಳ್ಳಿದಳು. ಊರಿನ ನಾಲ್ಕು ಮಂದಿಯ ಮುಂದೆ ಎಂದೂ ದನಿ ಎತ್ತದವಳ ದನಿ ಇಡೀ ಬಸ್ಸಿಗೆ ಕೇಳಿತು.

"ಇಕಿ ನನ್ನ ಮಗಳು. ಇಕಿಗೆ ಮೂರ್ಛಿ ರೋಗ ಅದ. ಗಾಳಿ ಅಲ್ಲ, ದೆವ್ವ ಅಲ್ಲ, ರೋಗ ಅದ, ಗುಳಿಗಿ ತಗೋತಾಳ. ಏನೂ ಹಿಡಸಬ್ಯಾಡ್ರಿ, ದೂರ ಸರೀರಿ. ತಾನ ಏಳ್ತಾಳ."

ಈರಯ್ಯ ಮಂದಿಯನ್ನು ಹಿಂದೆ ಸರಿಸಿ ಕಿಟಕಿ ತೆರೆದ. ಅನಸೂಯಾಬಾಯಿಯವರು ಏನೋ ಹೇಳಲು ಬಾಯಿ ತೆರೆದವರು, ಜಾನಕಿಬಾಯಿಯ ಮುಖ ನೋಡಿ ಮುಚ್ಚಿದರು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ ಎಂದು ಜಾನಕಿಬಾಯಿಗೆ ಅನಿಸಿತು. ಅನಿಸಿದ ಕೂಡಲೇ, ಇಷ್ಟು ವರ್ಷ ಹೊತ್ತ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗಾಗಿ ಅಳು ಬಂತು. ಅತ್ತಳು, ಮಗಳನ್ನು ಮಾತ್ರ ಬಿಡಲಿಲ್ಲ.

ದೇವದುರ್ಗ ಮುಟ್ಟುವ ಹೊತ್ತಿಗೆ ವನಮಾಲಾಗೆ ಎಚ್ಚರವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ವಲಿ ಪಾಷಾನ ಅಂಗಡಿಯ ಹಿಂದೆ ಕುಳಿತು ಸುಧಾರಿಸಿಕೊಂಡಳು, ಮುಖ ತೊಳೆದು ಸೀರೆ ಸರಿಮಾಡಿಕೊಂಡಳು. ಇವತ್ತು ಬೇಡ, ಮನೆಗೆ ಹೋಗೋಣ, ನಾಳೆ ಬಂದರಾಯಿತು ಎನ್ನುವ ಮಾತನ್ನು ಜಾನಕಿಬಾಯಿ ನುಂಗಿಕೊಂಡಳು. ಶಾಲೆಯ ಗೇಟಿನ ತನಕ ಹೋದಳು. ಅಲ್ಲಿ ವನಮಾಲಾ ನಿಂತು, ನೀ ಇಲ್ಲೇ ಕೂಡು, ಹೇಳುವುದನ್ನು ನಾನೇ ಹೇಳುತ್ತೇನೆ ಎಂದಳು. ಬಸ್ಸಿನಲ್ಲಿ ತಾಯಿ ಏನು ಹೇಳಿದಳೆಂದು ಅವಳಿಗೆ ಗೊತ್ತಿರಲಿಲ್ಲ. ಜಾನಕಿಬಾಯಿ ತಲೆಯಾಡಿಸಿದಳು. ಮಗಳು ಅಂಗಳ ದಾಟಿ ಆಫೀಸಿನ ಬಾಗಿಲೊಳಗೆ ಹೋಗುವುದನ್ನು ನೋಡುತ್ತ, ಏಳಬೇಕೆನ್ನುವ ಕಾಲುಗಳನ್ನು ಗಟ್ಟಿಯಾಗಿ ಕೂಡಿಸಿಕೊಂಡು ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತಳು.

ರುಮಾಲಿನ ಒಬ್ಬ ಮುದುಕ ಬಸ್ ಸ್ಟ್ಯಾಂಡಿನಿಂದಲೂ ಅವರ ಹಿಂದೆಯೇ ಬಂದಿದ್ದ. ಬಸ್ಸಿನಲ್ಲಿ ಇದ್ದವನೇ. ಮಗಳು ಒಳಗೆ ಹೋಗುವ ತನಕ ಕಾದು ಹತ್ತಿರ ಬಂದ. ತನ್ನ ಹೆಸರು ದೊಡ್ಡಪ್ಪ ಎಂದ, ಊರು ಹೇಳಿದ, ಆಮೇಲೆ ರುಮಾಲು ಬಿಚ್ಚಿ ಕಟ್ಟಿದ.

"ಯವ್ವಾ, ನಮ್ಮ ಸೊಸಿಗೂ ಹಿಂಗ ಬರ್ತದ," ಎಂದ. "ಕ್ವಾಣ್ಯಾಗ ಇಟ್ಟು ಕದಾ ಹಾಕೀವಿ. ಯಾರ್ನ ಕೇಳಬೇಕೋ ತಿಳೀವಲ್ದು."

ಜಾನಕಿಬಾಯಿ ಅವನನ್ನು ನೋಡಿದಳು. ಯಾವ ಜಾತಿಯವನೋ, ಯಾವ ಓಣಿಯವನೋ. ಕಲ್ಲಿನ ಮೇಲೆ ಒಂದು ಕಡೆಗೆ ಸರಿದು ಜಾಗ ಮಾಡಿದಳು.

"ಕೂಡ್ರಿ," ಎಂದಳು. "ಮೊದಲ ಆ ಕದಾ ತೆಗೀರಿ. ಉಳದದ್ದು ಒಂದೊಂದ ಹೇಳ್ತೀನಿ."